ಗೌನಿನ ಅಳತೆ

“ಉಸಿರು ಬಿಡಿ ಸರ್,” ಎಂದ ದರ್ಜಿ.

ಸಾಹುಕಾರರು ಬಿಡಲಿಲ್ಲ. ಬಿಟ್ಟರೆ ಹೊಟ್ಟೆ ಎರಡಂಗುಲ ಮುಂದೆ ಬರುತ್ತಿತ್ತು. ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದ ಗಳಿಗೆ ಬಂದಿರುವಾಗ ಹೊಟ್ಟೆಗೆ ಮುಂದೆ ನಿಲ್ಲುವ ಹಕ್ಕಿಲ್ಲ ಎಂದು ಅವರ ತೀರ್ಮಾನ.

ಗೌರವ ಡಾಕ್ಟರೇಟು ಯಾರಿಗೆ ಎಂಬುದನ್ನು ವೇದಿಕೆಯ ಮೇಲೆ ಓದುವವರೆಗೂ ಗುಟ್ಟಾಗಿಡುವುದು ಆ ವಿಶ್ವವಿದ್ಯಾಲಯದ ಪದ್ಧತಿ. ಕುಲಪತಿಗಳು ಸ್ವಂತ ಹೆಂಡತಿಗೂ ಹೇಳುವುದಿಲ್ಲವಂತೆ. ಆದರೆ ಗೌನನ್ನು ಮೊದಲೇ ಹೊಲಿಯಬೇಕಲ್ಲ. ಹಾಗಾಗಿ ವಿಶ್ವವಿದ್ಯಾಲಯದ ದರ್ಜಿ ಯಾರ ಮನೆಯ ಮೆಟ್ಟಿಲು ಹತ್ತುತ್ತಾನೋ ಅವರಿಗೆ ಡಾಕ್ಟರೇಟು ಖಾತ್ರಿ ಎಂದು ಊರಿನ ದೊಡ್ಡವರೆಲ್ಲ ಒಳಗೊಳಗೇ ನಂಬಿದ್ದರು. ಈ ಸಲ ಅವನು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯ ಒಡೆಯರ ಮೆಟ್ಟಿಲು ಹತ್ತಿದ್ದ.

ಬಕೆಟ್ ಹಿಡಿದವರೆಲ್ಲ ಡಾಕ್ಟರಾದರು, ಬಕೆಟ್ ಮಾಡಿದ ನಾನು ಮಾತ್ರ ಹಾಗೇ ಉಳಿದೆ ಎಂಬುದು ಸಾಹುಕಾರರ ಹಳೆಯ ಕೊರಗು. ಅದಕ್ಕಿಂತ ದೊಡ್ಡ ಕೊರಗು ಅವರ ಭಾವಮೈದುನ. ಅವನು ಹಲ್ಲಿನ ಡಾಕ್ಟರು. ನಾಲ್ಕು ಜನ ಸೇರಿದಲ್ಲಿ ಯಾರಾದರೂ ‘ಡಾಕ್ಟ್ರೇ’ ಎಂದರೆ ಅವನು ತಿರುಗುತ್ತಿದ್ದ, ಸಾಹುಕಾರರು ತಟ್ಟೆ ನೋಡುತ್ತಿದ್ದರು. “ನಮ್ಮ ಭಾವ ಹತ್ತನೇ ಕ್ಲಾಸಿಗೆ ಮೂರು ಸಲ ಕೂತರು. ನಾಲ್ಕನೇ ಸಲ ಬೇಜಾರಾಗಿ ಕಾರ್ಖಾನೆ ಹಾಕಿಬಿಟ್ರು,” ಎಂದು ಅವನು ಹೊಸಬರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದ.

ದರ್ಜಿಯ ಹಳದಿ ಟೇಪು ಭುಜದಿಂದ ತೋಳಿಗೆ, ತೋಳಿನಿಂದ ತಲೆಗೆ ಹೋಯಿತು.

“ಟೋಪಿ?” ಎಂದರು ಸಾಹುಕಾರರು.

“ಅದೂ ನನ್ನ ಕೆಲಸಾನೇ ಸರ್. ಗೌನು ಅವತ್ತೇ ಪರದೆ ಹಿಂದೆ ತೊಡಿಸ್ತಾರೆ. ಕರೆದಾಗ ಹೋದ್ರೆ ಸಾಕು. ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡಿ.”

ಟೇಪನ್ನು ಕೊರಳಿಗೆ ಹಾಕಿಕೊಂಡು ದರ್ಜಿ ನಿಟ್ಟುಸಿರಿಟ್ಟ. “ಹೊಲಿಯೋಕೇ ಜಾಗ ಇಲ್ಲ ನೋಡಿ. ಹಾಸ್ಟೆಲ್ ಸಾಲದೆ ನನ್ನ ಕೋಣೇಲೂ ಮಂಚ ಹಾಕಿದಾರೆ. ಕುಲಪತಿಗಳು ಜಾಗ ಹುಡುಕಿ ಹುಡುಕಿ ಸೋತುಹೋಗಿದಾರೆ, ಪಾಪ.”

“ಎಷ್ಟು ಜಾಗ ಬೇಕಂತೆ?”

“ನನಗೇನು ಗೊತ್ತು ಸರ್. ನಾನು ಅಳತೆ ತೊಗೊಳ್ಳೋನು, ಅಷ್ಟೇ.”

ಅವನು ಗೇಟು ದಾಟಿದ ಮೇಲೆ ಹೆಂಡತಿ ಕೇಳಿದಳು. “ಆತ ಅಳತೆ ಬರ್ಕೊಳ್ಳಲೇ ಇಲ್ವಲ್ರೀ?”

“ಮೂವತ್ತು ವರ್ಷದ ಅನುಭವ ಕಣೇ. ಎಲ್ಲ ತಲೇಲೇ ಇರುತ್ತೆ.”

ಕಾರ್ಖಾನೆಯ ಪಕ್ಕದಲ್ಲಿ ಖಾಲಿ ನಿವೇಶನವೊಂದಿತ್ತು. ಪ್ಯಾಕಿಂಗ್ ಕೋಣೆಯ ಹಿಂದೆ, ರಟ್ಟಿನ ಪೆಟ್ಟಿಗೆಗಳಲ್ಲಿ, ಕೆಲಸದ ಹೆಂಗಸರ ಕೂಸುಗಳು ಮಲಗುತ್ತಿದ್ದವು. ಅವಕ್ಕೊಂದು ಶಿಶುವಿಹಾರ ಕಟ್ಟಿಸಲು ಆ ಜಾಗವನ್ನು ಕೊಡುವುದಾಗಿ ಸಾಹುಕಾರರು ಹೆಂಡತಿಗೆ ಮಾತು ಕೊಟ್ಟಿದ್ದರು. ಅವಳು ನಕ್ಷೆಯನ್ನೂ ಬರೆಸಿದ್ದಳು. ಉಯ್ಯಾಲೆ ಎಲ್ಲಿ ಎಂಬುದೂ ಅದರಲ್ಲಿತ್ತು.

ವಾರ ಕಳೆಯುವುದರೊಳಗೆ ಜಾಗ ದಾನಪತ್ರದ ಮೂಲಕ ವಿಶ್ವವಿದ್ಯಾಲಯಕ್ಕೆ ಸೇರಿತು.

“ಒಂದು ಸಲ ನಾನು ಡಾಕ್ಟ್ರಾಗಿಬಿಡ್ಲಿ, ನಿನಗೆ ಬೇರೆ ಜಾಗ ನೋಡೋಣ,” ಎಂದರು. ಅವಳು ನಕ್ಷೆಯನ್ನು ಮಡಚಿ ಅಡುಗೆಮನೆಯ ಶೆಲ್ಫಿಗೆ, ಡಬ್ಬಿಗಳ ಕೆಳಗೆ ಹಾಸಿದಳು. ಸಾಹುಕಾರರಿಗೆ ಅದು ಚುಚ್ಚಿತು, ನಾಚಿಕೆಯೂ ಆಯಿತು. ಅಷ್ಟರಲ್ಲಿ ಬೋರ್ಡು ಬರೆಯುವವನು ಬಂದ. ಹೆಸರಿನ ಹಿಂದೆ ‘ಡಾ.’ ಸೇರಿಸಿ ಅದರ ಮೇಲೊಂದು ಬಟ್ಟೆ ಕಟ್ಟಿಸುವ ಗಡಿಬಿಡಿಯಲ್ಲಿ ಚುಚ್ಚಿದ್ದು ಮರೆತುಹೋಯಿತು.

ಘಟಿಕೋತ್ಸವದ ದಿನ ಅವರಿಗೂ ಹೆಂಡತಿಗೂ ಸಿಕ್ಕಿದ್ದು ಮೊದಲ ಸಾಲು. ಭಾವಮೈದುನನನ್ನು ಬೇಕೆಂದೇ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಎಡಗಡೆ ಎಣ್ಣೆ ಮಿಲ್ಲಿನ ಮಾಲೀಕರು ಕುಟುಂಬ ಸಮೇತ ಕೂತಿದ್ದರು, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು. ಸಾಹುಕಾರರಿಗೆ ಆ ಭಂಗಿಯ ಪರಿಚಯವಿತ್ತು.

“ನಿಮ್ಮ ಅಳತೆನೂ ತೊಗೊಂಡ್ರಾ?” ಎಂದು ಪಿಸುಗುಟ್ಟಿದರು.

“ಮೂರು ವರ್ಷ ಆಯ್ತು. ಈಜುಕೊಳ ಕಟ್ಟಿಸಿಕೊಟ್ಟೆ. ಪ್ರತಿ ಸಲ ಮುಂದಿನ ವರ್ಷ ಅಂತಾರೆ. ಯಾರ ಹತ್ರ ಹೇಳ್ಕೊಳ್ಳೋದು? ಮರ್ಯಾದೆ ಪ್ರಶ್ನೆ.”

“ನಂದು ಗ್ರಂಥಾಲಯ,” ಎಂದರು ಆಚೆ ಕೂತಿದ್ದ ಬಸ್ಸು ಕಂಪನಿಯವರು, ಕೇಳದಿದ್ದರೂ.

ಸಾಹುಕಾರರು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ತಮ್ಮನ್ನೂ ಸೇರಿಸಿ ಹನ್ನೊಂದು ಜನ ಗಣ್ಯರು, ಒಳಗೆಳೆದುಕೊಂಡ ಹನ್ನೊಂದು ಹೊಟ್ಟೆಗಳು. ಆದರೂ ತಮ್ಮದು ಜಾಗ, ಉಳಿದವರದು ಬರೀ ಕಟ್ಟಡ ಎಂದು ಸಮಾಧಾನ ಮಾಡಿಕೊಂಡರು.

ಕುಲಪತಿಗಳು ಮೈಕಿನ ಮುಂದೆ ಬಂದರು.

“ಈ ವರ್ಷ ಒಬ್ಬರಿಗೇ ಗೌರವ ಡಾಕ್ಟರೇಟು. ನಮ್ಮ ಗ್ರಂಥಾಲಯ, ಈಜುಕೊಳ, ಸಭಾಂಗಣ, ಈಗ ಹಾಸ್ಟೆಲ್ಲಿನ ಜಾಗ, ಎಲ್ಲದರ ಹಿಂದೆ ಇರುವುದು ಈ ಮಹನೀಯರೊಬ್ಬರ ಮೂವತ್ತು ವರ್ಷಗಳ ಮೌನ ಸೇವೆ. ಅವರು ವೇದಿಕೆಗೆ ಬರಬೇಕು.”

ಹನ್ನೊಂದು ಜನರೂ ಎದ್ದು ನಿಂತರು. ಒಬ್ಬರನ್ನೊಬ್ಬರು ನೋಡಿದರು. ಯಾರೂ ಕೂರಲಿಲ್ಲ.

ಪರದೆ ಅಲುಗಿತು. ಹೆಂಡತಿ ಸಾಹುಕಾರರ ತೋಳು ಹಿಡಿದು ಮೆಲ್ಲಗೆ ಕೆಳಗೆಳೆದಳು. “ಉಸಿರು ಬಿಡಿ,” ಎಂದಳು.

ಪರದೆ ಸರಿಸಿಕೊಂಡು ಬಂದ ಮಹನೀಯರ ಮೈಗೆ ಕೆಂಪು ಗೌನು ಅಳೆದು ಹೊಲಿದಂತೆ ಒಪ್ಪಿತ್ತು, ಕೊರಳಲ್ಲಿ ಮಾತ್ರ ತೆಗೆದಿಡಲು ಮರೆತ ಹಳದಿ ಟೇಪು ಹಾಗೇ ನೇತಾಡುತ್ತಿತ್ತು.