ನೀರು ಸುರಿದ ಸದ್ದು

ಅಪ್ಪ ತೀರಿಹೋಗಿ ತಿಂಗಳಾಯಿತು. ಅಟ್ಟದ ಮೇಲೆ ಸಿಕ್ಕ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾನಿಯ ತೊಗಲಿಗೆ ಇನ್ನೂ ಬಾವಿಯ ವಾಸನೆ ಇದೆ.

ನನ್ನ ಚಿಕ್ಕಂದಿನಲ್ಲಿ ತಿಪ್ಪಸಂದ್ರದ ನಮ್ಮ ಹೊಲದ ಬಾವಿಗೆ ಮೋಟರು ಕೂರಿಸಿದ ಮಧ್ಯಾಹ್ನ ನೆನಪಾಗುತ್ತದೆ. ಅಲ್ಲಿಯವರೆಗೆ ನಮ್ಮ ಎರಡು ಎತ್ತುಗಳೇ ಇಳಿಜಾರಿನಲ್ಲಿ ಇಳಿಯುತ್ತಾ ಬಾನಿಯನ್ನು ಮೇಲಕ್ಕೆ ಎಳೆಯುತ್ತಿದ್ದವು. ನೀರು ತೊಟ್ಟಿಗೆ ಸುರಿದ ಸದ್ದು ಕೇಳಿದರೆ ಸಾಕು, ಯಾರೂ ಹೇಳದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೇಲೆ ಬರುತ್ತಿದ್ದವು, ಬಾನಿ ಮತ್ತೆ ಬಾವಿಗಿಳಿಯುತ್ತಿತ್ತು. ವಯಸ್ಸಾಗಿದ್ದರಿಂದ ಉಳುಮೆಗೆ ಅವು ಆಗುತ್ತಿರಲಿಲ್ಲ.

ಚಿಕ್ಕಪ್ಪ ಸ್ವಿಚ್ಚು ಒತ್ತಿದ. ಪೈಪಿನ ನೀರು ತೊಟ್ಟಿಗೆ ಧುಮುಕಿತು. ನಾವು ಮಕ್ಕಳು ಕೂಗುತ್ತಾ ಕುಣಿದೆವು. ಹುಣಸೆ ಮರಕ್ಕೆ ಕಟ್ಟಿದ್ದ ಎತ್ತುಗಳು ಮೆಲ್ಲಗೆ ಹಿಂದಕ್ಕೆ ಸರಿದವು, ಹಗ್ಗ ಬಿಗಿಯಿತು. ನೀರು ನಿಲ್ಲಲಿಲ್ಲ. ಅವೂ ನಿಲ್ಲದೆ, ಕತ್ತು ನೀಡಿ ಜಗ್ಗುತ್ತಲೇ ಇದ್ದವು.

"ನೋಡ್ರಲಾ, ಮೋಟ್ರು ಬಂದಿರೋದು ಇವುಕ್ಕಿನ್ನೂ ಗೊತ್ತೇ ಆಗಿಲ್ಲ!" ಎಂದು ಚಿಕ್ಕಪ್ಪ ನಕ್ಕ. "ಇನ್ಯಾಕಣ್ಣ ಇವು? ನಾಳೆ ಸಂತೆಗೆ ಹೊಡ್ಕೊಂಡೋಗ್ಬುಡ್ತೀನಿ."

"ನಿಮ್ಮಣ್ಣ ಮಾರಾಕಿಲ್ಲ ಬುಡು, ಬೇಕಾದ್ರೆ ನನ್ನ ಮಾರ್ಬುಟ್ಟಾನು," ಎಂದು ಅವ್ವ ಅಣಕಿಸಿದಳು. ನನಗೆ ನಗು ಬರಲಿಲ್ಲ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ.

ಅಪ್ಪ ಹೋಗಿ ಹಗ್ಗ ಬಿಚ್ಚಿದ. ಎತ್ತುಗಳು ಒಂದಷ್ಟು ದೂರ ಹಿಂದಕ್ಕೆ ನಡೆದು, ನೊಗಕ್ಕೆ ಕಾಯುವಂತೆ ತಲೆ ತಗ್ಗಿಸಿ ನಿಂತವು. ಅಪ್ಪ ಅವುಗಳ ಜಡ್ಡುಗಟ್ಟಿದ ಹೆಗಲು ಸವರಿದ.

"ಇಲ್ಲೇ ಇರ್ಲಿ ಕಣ್ಲಾ," ಎಂದ. "ಹಿಂದಕ್ಕೆ ನಡಿಯೋದು ಕಲ್ಸಿದ್ದು ನಾನೇ ಅಲ್ವಾ."

ಅವು ಬದುಕಿದ್ದಷ್ಟು ದಿನವೂ ಅಪ್ಪ ಮೊದಲು ಹಗ್ಗ ಬಿಚ್ಚಿ, ಆಮೇಲೆ ಮೋಟರು ಹಾಕುತ್ತಿದ್ದ.