ಗಾಳಿ ಹಾಸಿಗೆಗೆ ಬೇಕಿದ್ದ ಒಂದು ರಬ್ಬರ್ ತುಂಡು

ಹುಬ್ಬಳ್ಳಿಯ ಕಸ್ತೂರಿ ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಣ್ಣುಮಗಳು. ಗಂಡ ಲಾರಿ ಡ್ರೈವರ್... ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ.

ಅತ್ತೆ ಗಂಗವ್ವನಿಗೆ ಲಕ್ವಾ ಹೊಡೆದ ಮೇಲೆ ಹಾಸಿಗೆಯೇ ಪ್ರಪಂಚವಾಗಿತ್ತು. ಒಂದು ಕೈ ಮಾತ್ರ ಆಡುತ್ತಿತ್ತು. ತೊದಲುವ ಮಾತು ಸೊಸೆಗಷ್ಟೇ ತಿಳಿಯುತ್ತಿತ್ತು.

ಬೆನ್ನಿಗೆ ಹುಣ್ಣಾಗಬಾರದೆಂದು ಡಾಕ್ಟರ್ ಗಾಳಿ ಹಾಸಿಗೆ ಹಾಕಿಸಿದ್ದರು. ಪಕ್ಕದಲ್ಲೊಂದು ಪುಟ್ಟ ಕರೆಂಟ್ ಪಂಪು, ಹಗಲೂ ರಾತ್ರಿ ಗುಂಯ್ ಎನ್ನುತ್ತಾ ಆ ಹಾಸಿಗೆಗೆ ಗಾಳಿ ತುಂಬುತ್ತಿತ್ತು.

ಒಂದು ದಿನ ಆ ಪಂಪು ಕೆಟ್ಟು ನಿಂತಿತು...

"ಈ ಮಾಡೆಲ್ ಈಗ ಬರಂಗಿಲ್ರೀ ಅಕ್ಕಾರ, ಹೊಸಾದ ತಗೊಳ್ರಿ" ಎಂದ ಅಂಗಡಿಯವನು. ರೇಟು ಕೇಳಿದ ಕಸ್ತೂರಿ ಪಂಪನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು.

ಹಳೆ ಟಿವಿ, ಮಿಕ್ಸರ್ ರಿಪೇರಿ ಮಾಡುವ ಇಮಾಮಸಾಬರು ಪಂಪು ಬಿಚ್ಚಿ ನೋಡಿದರು.

"ಮೋಟರ್ ಚಲೋ ಐತ್ರೀ ಅಕ್ಕಾ. ಒಳಗ ಗಾಳಿ ದಬ್ಬೋ ಈ ರಬ್ಬರ್ ಒಂದ ಸೀಳೈತಿ ನೋಡ್ರಿ."

ಹೆಬ್ಬೆರಳಿನಷ್ಟು ಅಗಲದ ತುಂಡು... ಅದೊಂದು ಸಿಕ್ಕರೆ ಸಾಕಿತ್ತು!

ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ ನೋಡಿದರು. ಸಂಜೆಯೊಳಗೆ ಹರಿಯಿತು. ಆನ್‌ಲೈನ್‌ನಲ್ಲಿ ತರಿಸಿದ್ದು ಅಳತೆಗೆ ಕೂಡಲಿಲ್ಲ. ಗುಜರಿ ಅಂಗಡಿಗಳಲ್ಲೂ ಆ ಕಂಪನಿಯ ಹಳೆ ಪಂಪು ಸಿಗಲಿಲ್ಲ.

ಅಷ್ಟರಲ್ಲಿ ಗಂಗವ್ವನ ಸೊಂಟದ ಹತ್ತಿರ ಚರ್ಮ ಕೆಂಪಾಗಿತ್ತು. ಕಸ್ತೂರಿ ಹೊಲಿಗೆ ಬಿಟ್ಟು ಅತ್ತೆಯನ್ನು ಮಗ್ಗುಲು ಬದಲಿಸುತ್ತಾ ಕೂತಳು. ಸೊಸೆ ನೊಂದುಕೊಂಡಾಳೆಂದು ಮುದುಕಿ ನರಳದೆ ತುಟಿ ಕಚ್ಚಿ ಹಿಡಿಯುತ್ತಿದ್ದಳು...

ಇಮಾಮಸಾಬರು ರಿಪೇರಿಯವರ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿದ್ದರು. ಒಂದು ಉತ್ತರ ಬಂತು.

"ಧಾರವಾಡದಾಗ ಆಟೋ ಹೊಡಿಯೋ ಬಸಲಿಂಗಪ್ಪ ಅಂತ ಅದಾರ. ಅವರ ಮನ್ಯಾಗ ಇಂಥಾದ್ದ ಪಂಪ್ ಐತಿ. ಹೆಂಡ್ತಿ ತೀರಿಕೊಂಡಾರ... ಈಗ ಸುಮ್ನ ಬಿದ್ದಿರಬೇಕು."

ಕಸ್ತೂರಿ ಪಕ್ಕದ ಮನೆಯವರನ್ನು ಅತ್ತೆಯ ಬಳಿ ಕೂರಿಸಿ ಧಾರವಾಡದ ಬಸ್ ಹತ್ತಿದಳು.

ಬಸಲಿಂಗಪ್ಪನವರ ಬಾಗಿಲಿಗೆ ಬರುತ್ತಲೇ ಅವಳು ತಬ್ಬಿಬ್ಬಾದಳು. ಒಳಗಿನಿಂದ ಗುಂಯ್ ಎಂಬ ಸದ್ದು... ಪಂಪು ಓಡುತ್ತಿತ್ತು!

ಇಣುಕಿ ನೋಡಿದಳು. ಮಂಚದ ಮೇಲೆ ಸುಕ್ಕಿಲ್ಲದ ಹೊದಿಕೆ. ಕೆಳಗೆ ಗಾಳಿ ಹಾಸಿಗೆ ಮೆಲ್ಲಗೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಅವಳ ನೋಟ ಕಂಡು, ಬಾಗಿಲಿಗೆ ಬಂದ ಬಸಲಿಂಗಪ್ಪನವರೇ ಹೇಳಿದರು.

"ನಮ್ಮ ನೀಲವ್ವ ಇಲ್ಲೇ ಮಲಗತಿದ್ಲು... ಬಂದ್ ಮಾಡಾಕ ಕೈ ಬರವಲ್ದವಾ. ಈ ಸಪ್ಪಳ ಇರೂತನಕ ಅಕಿ ಇನ್ನೂ ಮನ್ಯಾಗ ಅದಾಳ ಅನಸ್ತೈತಿ. ಅದಿರ್ಲಿ, ನೀ ಯಾರವ್ವಾ? ಏನ್ ಬೇಕಿತ್ತು?"

ಕಸ್ತೂರಿ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಹುಬ್ಬಳ್ಳಿಯಾಗ ರಿಪೇರಿ ಮಾಡೋ ಇಮಾಮಸಾಬ್ರು ಕಳಿಸ್ಯಾರ್ರೀ. ನಮ್ಮತ್ತಿ ಪಂಪ್ ಕೆಟ್ಟೈತ್ರೀ. ಅದರಾಗಿನ ರಬ್ಬರ್ ಹುಡುಕ್ಕೊಂತ ಬಂದಿದ್ದೆ... ಇರ್ಲಿ ಬಿಡ್ರಿ ಅಣ್ಣಾರ. ಬ್ಯಾರೆ ಕಡೆ ನೋಡ್ತೀನಿ."

ಕೈಮುಗಿದು ಹೊರಟಳು. ಅವರು ತಡೆಯಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಬರಿಗೈಲಿ ಅತ್ತೆಯ ಮುಂದೆ ಹೋಗಿ ನಿಲ್ಲುವುದು ಹೇಗೆ ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಮರುದಿನ ಮಧ್ಯಾಹ್ನ ಮನೆ ಮುಂದೆ ಒಂದು ಆಟೋ ನಿಂತಿತು.

ಇಮಾಮಸಾಬರ ಹತ್ತಿರ ವಿಳಾಸ ಕೇಳಿಕೊಂಡು ಬಸಲಿಂಗಪ್ಪನವರು ಬಂದಿದ್ದರು. ಟವೆಲಿನಲ್ಲಿ ಸುತ್ತಿದ ಪಂಪನ್ನು ಕೂಸಿನಂತೆ ಎದೆಗೆ ಹಿಡಿದಿದ್ದರು.

"ಅಣ್ಣಾರ... ನನಗ ಬರೇ ರಬ್ಬರ್ ಸಾಕಿತ್ರೀ!"

"ಪೂರ್ತಿ ಇಟ್ಕೋಳವ್ವಾ. ನಾಳೆ ಇನ್ನೊಂದು ಸಾಮಾನ ಹ್ವಾದ್ರ ಮತ್ತ ಎಲ್ಲಿ ಹುಡುಕ್ತಿ?"

ಅವರೇ ಪೈಪು ಜೋಡಿಸಿ ಸ್ವಿಚ್ ಹಾಕಿದರು. ಗಂಗವ್ವನ ಸೊಂಟದ ಕೆಳಗೆ, ಹಾಸಿಗೆಯ ಅಡಿಯಲ್ಲಿ ಅಂಗೈ ತೂರಿಸಿ ಗಾಳಿ ಸರಿಯಾಗಿ ತುಂಬಿತೇ ಎಂದು ನೋಡಿದರು. ಎಷ್ಟೋ ವರ್ಷ ಮಾಡಿದ ಕೆಲಸ... ಕೈ ಮರೆತಿರಲಿಲ್ಲ.

"ನಿನ್ನೆ ನೀ ಹ್ವಾದ ಮ್ಯಾಲ ಆ ಖಾಲಿ ಹಾಸಿಗಿ ನೋಡ್ಕೊಂತ ಕುಂತೆ. ಬೆನ್ನ ಹುಣ್ಣಾದಾಗ ನಮ್ಮ ನೀಲವ್ವ ಅಳೋದು ನೋಡೀನಿ ನಾ. ಅಕಿ ಇದ್ದಿದ್ರ ಬೈತಿದ್ಲವಾ... 'ಯಾರೂ ಇಲ್ಲದ ಹಾಸಿಗಿಗೆ ಗಾಳಿ ಹಾಕ್ಕೊಂತ ಕುಂತೀರೇನು, ಅಲ್ಲೊಂದು ಜೀವ ಒದ್ದಾಡಾಕತ್ತೈತಿ' ಅಂತ..."

ಅಷ್ಟರಲ್ಲಿ ಗಂಗವ್ವ ತನ್ನ ಆಡುವ ಕೈಯಿಂದ ಅವರ ಅಂಗಿ ತೋಳು ಹಿಡಿದಳು. ಏನೋ ತೊದಲಿದಳು.

"ಏನಂತಾರವ್ವಾ?"

"ಊಟಾ ಆತೇನಪಾ ಅಂತ ಕೇಳಾಕತ್ತಾರ್ರೀ ಅಣ್ಣಾರ."

ಬಸಲಿಂಗಪ್ಪನವರು ಪಂಪು ಸುತ್ತಿ ತಂದಿದ್ದ ಟವೆಲಿನಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಹೆಂಡತಿ ಹೋದ ಮೇಲೆ ಅವರನ್ನು ಆ ಮಾತು ಕೇಳಿದವರೇ ಇರಲಿಲ್ಲ.

ಕಸ್ತೂರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದಳು. ಗಂಗವ್ವ ಮಲಗಿದಲ್ಲಿಂದಲೇ ಕೈಸನ್ನೆ ಮಾಡಿ ಇನ್ನೊಂದು ರೊಟ್ಟಿ ಹಾಕಿಸಿದಳು.

ಈಗ ಗಂಗವ್ವನ ಚರ್ಮದ ಕೆಂಪು ಇಳಿದಿದೆ. ಕಸ್ತೂರಿಯ ಹೊಲಿಗೆ ಮಷೀನು ಮತ್ತೆ ತಿರುಗುತ್ತಿದೆ.

ಮೊನ್ನೆ ಇನ್ನೊಬ್ಬರಿಗೆ ಅಂಥದ್ದೇ ಪಂಪಿನ ಮೋಟರ್ ಬೇಕಾಯಿತಂತೆ. ಕಸ್ತೂರಿ ತನ್ನ ಕೆಟ್ಟ ಪಂಪನ್ನು ಇಮಾಮಸಾಬರ ಮುಂದಿಟ್ಟು ಹೇಳಿದಳು...

"ಬಿಚ್ಚಿ ಕೊಡ್ರಿ ಕಾಕಾ. ಅವರ ಮನ್ಯಾಗಿನ ಜೀವಕ್ಕ ಹಗುರಾದ್ರ ಒಂದ ಫೋನ್ ಮಾಡ್ಲಿ, ಅಷ್ಟ ಸಾಕು."

ನಮ್ಮವರು ಬಳಸಿದ ವಸ್ತು ಇನ್ನೊಬ್ಬರ ನೋವು ಇಳಿಸಿದರೆ, ಅದೇ ಅವರಿಗೆ ನಾವು ಸಲ್ಲಿಸುವ ನಿಜವಾದ ನಮಸ್ಕಾರ.

ನಿಮ್ಮ ಮನೆಯ ಅಟ್ಟದಲ್ಲಿ ಸುಮ್ಮನೆ ಕುಳಿತ ಯಾವ ವಸ್ತುವಿಗಾಗಿ, ಈ ಹೊತ್ತು ಯಾರು ಊರೆಲ್ಲ ಹುಡುಕುತ್ತಿದ್ದಾರೋ... ಒಮ್ಮೆ ಹತ್ತಿ ನೋಡುತ್ತೀರಾ?