ಎರವಲು ತರಕಾರಿ

ಮೂರು ತಿಂಗಳಿಂದ ಆ ಆಸ್ಪತ್ರೆಯ ರೋಗಿಗಳಿಗೆ ಎರಡು ಹೊತ್ತೂ ಬರೀ ಆಲೂಗಡ್ಡೆ ಬೇಯಿಸಿ ಹಾಕಲಾಗುತ್ತಿತ್ತು. ಇವತ್ತು ತಪಾಸಣೆಯವರು ಬರುತ್ತಾರೆಂದು ಅಂಗಡಿಯಿಂದ ಕ್ಯಾರೆಟ್, ಬೀಟ್‌ರೂಟ್, ಪಾಲಕ್, ಕುಂಬಳಕಾಯಿ ಎರವಲು ತಂದು ಅಡುಗೆಮನೆಯ ಮೇಜಿನ ಮೇಲೆ ಜೋಡಿಸಿದ್ದರು. "ಬಗೆಬಗೆಯ ತರಕಾರಿ ತಿಂದರೆ ರಕ್ತ ಆಗುತ್ತೆ, ಗಾಯ ಬೇಗ ಮಾಯುತ್ತೆ" ಎಂದು ಮೇಲ್ವಿಚಾರಕ ಅವುಗಳ ಮುಂದೆ ನಿಂತು ಭಾಷಣ ಬಿಗಿದ, ಫೋಟೊ ತೆಗೆಸಿಕೊಂಡ, ಬಂದವರನ್ನು ಗೇಟಿನ ತನಕ ಬಿಟ್ಟು ಬಂದ.

"ಎಲ್ಲಾ ಬುಟ್ಟಿಗೆ ತುಂಬಮ್ಮ. ಒಂದೂ ಮುಕ್ಕಾಗದ ಹಾಗೆ ಅಂಗಡಿಗೆ ವಾಪಸ್ ಹೋಗ್ಬೇಕು."

ಅಡುಗೆಯಾಕೆ ಚಾಕು ಕೈಗೆತ್ತಿಕೊಂಡಳು. "ಗಾಯ ಮಾಯುತ್ತೆ ಅಂತ ಈಗ ತಾನೆ ನೀವೇ ಬಾಯ್ತುಂಬ ಹೇಳಿದ್ರಲ್ಲ ಸ್ವಾಮಿ. ಎಂಟನೇ ಹಾಸಿಗೆಯ ಬಾಣಂತಿಗೆ ಹಾಕಿದ ಹೊಲಿಗೆ ಇನ್ನೂ ಕೂಡಿಲ್ಲ."

"ಕೆಲಸ ಬೇಕೋ ಬೇಡ್ವೋ ನಿಂಗೆ? ಚಾಕು ಕೆಳಗಿಡು."

ಆಕೆ ಕುಂಬಳಕಾಯಿಯನ್ನು ನಡುಮಧ್ಯಕ್ಕೆ ಸೀಳಿ ಎರಡು ಹೋಳು ಮಾಡಿದಳು.

"ಇಡಲ್ಲ," ಎಂದಳು.